ಹಾಂಗ್‌ಕಾಂಗ್ 2019: ಗಡಿಯಾಚೆಯ ಕೋರ್ಟಿನ ಮೇಲೆ ಜನಕ್ಕೆ ನಂಬಿಕೆ ಯಾಕಿರಲಿಲ್ಲ?

ತುಂಗೆಯ ದಂಡೆ:

ಒಬ್ಬ ಕೊಲೆ ಆರೋಪಿಯನ್ನು ಕಳಿಸಿಕೊಡಲು ಕಾನೂನು ತಂದರೆ ಹಾಂಗ್‌ಕಾಂಗ್‌ನಲ್ಲಿ ಲಕ್ಷಾಂತರ ಜನ ಬೀದಿಗಿಳಿದರು, ಇದೆಂಥ ಹುಚ್ಚು ಅಂತ ಈಗಲೂ ಕೆಲವರು ಕೇಳುತ್ತಾರೆ. ನನಗೆ ಅದು ಹುಚ್ಚು ಅಂತ ಅನ್ನಿಸಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಆ ಕೇಸು. 2018ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನ ಯುವಕನೊಬ್ಬ ಗೆಳತಿಯ ಜೊತೆ ತೈವಾನ್‌ಗೆ ಹೋದ, ಅಲ್ಲಿ ಆಕೆಯ ಕೊಲೆಯಾಯಿತು, ಇವನೊಬ್ಬನೇ ವಾಪಸ್ ಬಂದ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ. ಆದರೆ ಕೊಲೆ ನಡೆದದ್ದು ತೈವಾನಿನಲ್ಲಿ. ಹಾಂಗ್‌ಕಾಂಗ್ ಕೋರ್ಟಿಗೆ ಆ ಕೊಲೆಯ ವಿಚಾರಣೆ ನಡೆಸುವ ಅಧಿಕಾರವೇ ಇರಲಿಲ್ಲ. ಆಕೆಯ ಹಣ ಬಳಸಿದ್ದಕ್ಕೆ ಅಕ್ರಮ ಹಣ ವರ್ಗಾವಣೆ ಕೇಸು ಹಾಕಿ 29 ತಿಂಗಳು ಜೈಲು ಕೊಟ್ಟರು, ಅಷ್ಟೇ. ತೈವಾನಿಗೆ ಕಳಿಸೋಣ ಅಂದರೆ ಒಪ್ಪಂದ ಇಲ್ಲ.

ಇದನ್ನೇ ಮುಂದಿಟ್ಟುಕೊಂಡು 2019ರ ಫೆಬ್ರವರಿಯಲ್ಲಿ ಹಾಂಗ್‌ಕಾಂಗ್‌ನ ಮುಖ್ಯಾಡಳಿತಗಾರ್ತಿ ಕ್ಯಾರಿ ಲ್ಯಾಮ್ ಅವರ ಸರ್ಕಾರ ಗಡೀಪಾರು ಕಾನೂನಿಗೆ ತಿದ್ದುಪಡಿ ತರಲು ಹೊರಟಿತು. ಆಗ ಹಾಂಗ್‌ಕಾಂಗ್‌ಗೆ 20 ದೇಶಗಳ ಜೊತೆ ಒಪ್ಪಂದವಿತ್ತು. ಆದರೆ ಹಳೆಯ ಕಾನೂನು ಚೀನಾದ ಬೇರೆ ಭಾಗಗಳನ್ನು ಬೇಕೆಂದೇ ಹೊರಗಿಟ್ಟಿತ್ತು. ತಿದ್ದುಪಡಿ ಆ ತಡೆಯನ್ನೇ ಕಿತ್ತುಹಾಕುತ್ತಿತ್ತು. ಒಪ್ಪಂದ ಇಲ್ಲದ ಕಡೆಗೂ ಒಂದೊಂದು ಕೇಸಿನಂತೆ ನೋಡಿ ಕಳಿಸಬಹುದು, ಶಾಸನಸಭೆಯ ಒಪ್ಪಿಗೆ ಬೇಡ, ಮುಖ್ಯಾಡಳಿತಗಾರ್ತಿಯ ಪ್ರಮಾಣಪತ್ರ ಸಾಕು. ಹೆಸರು ತೈವಾನಿನದ್ದು, ಬಾಗಿಲು ತೆರೆದದ್ದು ಬೀಜಿಂಗ್ ಕಡೆಗೂ.

ಕಾಗದದ ಮೇಲೆ ರಕ್ಷಣೆಗಳಿದ್ದವು. ರಾಜಕೀಯ ಅಪರಾಧಕ್ಕೆ ಕಳಿಸುವ ಹಾಗಿಲ್ಲ, ಮರಣದಂಡನೆ ಕೊಡುವ ಹಾಗಿಲ್ಲ, ಹಾಂಗ್‌ಕಾಂಗ್ ಕೋರ್ಟು ಮೊದಲು ನೋಡಬೇಕು. ವ್ಯಾಪಾರಸ್ಥರು ಗಲಾಟೆ ಮಾಡಿದ ಮೇಲೆ 46 ಬಗೆಯ ಅಪರಾಧಗಳಲ್ಲಿ 9 ಆರ್ಥಿಕ ಅಪರಾಧಗಳನ್ನು ಕೈಬಿಟ್ಟರು. ಮೇ ಕೊನೆಗೆ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ಮಾತ್ರ ಅಂದರು. ಇಷ್ಟೆಲ್ಲ ಮಾಡಿದರೂ ಜನ ಒಪ್ಪಲಿಲ್ಲ.

ಯಾಕಂದ್ರೆ ಜನ ನೋಡುತ್ತಿದ್ದದ್ದು ಗಡಿ ದಾಟಿದ ಮೇಲೆ ಏನಾಗುತ್ತೆ ಅನ್ನೋದನ್ನ. ಅದಕ್ಕೆ ಅವರ ಕಣ್ಣ ಮುಂದೆಯೇ ಉದಾಹರಣೆ ಇತ್ತು.

ಹಾಂಗ್‌ಕಾಂಗ್‌ನ ಕಾಸ್‌ವೇ ಬೇಯಲ್ಲಿ ಒಂದು ಸಣ್ಣ ಪುಸ್ತಕದಂಗಡಿ. ಚೀನಾ ನಾಯಕರ ಬಗ್ಗೆ, ಆಚೆ ಕಡೆ ನಿಷೇಧವಾದ ಪುಸ್ತಕಗಳನ್ನು ಮಾರುತ್ತಿದ್ದರು. 2015ರ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಆ ಅಂಗಡಿಗೆ ಸೇರಿದ ಐದು ಜನ ಕಾಣೆಯಾದರು. ಗುಯಿ ಮಿನ್‌ಹಾಯ್ ಥಾಯ್ಲೆಂಡಿನಿಂದ ಮಾಯ. ಅವರು ಸ್ವೀಡನ್ ಪ್ರಜೆ. ಲೀ ಬೋ ಹಾಂಗ್‌ಕಾಂಗ್ ಒಳಗಿಂದಲೇ ಮಾಯ. ಗಡಿ ದಾಟಲು ಬೇಕಾದ ಅವರ ಪರವಾನಗಿ ಕಾರ್ಡು ಮನೆಯಲ್ಲೇ ಇತ್ತು.

ಅಂಗಡಿ ನೋಡಿಕೊಳ್ಳುತ್ತಿದ್ದ ಲ್ಯಾಮ್ ವಿಂಗ್-ಕೀ ಶೆನ್‌ಝೆನ್ ಗಡಿಯಲ್ಲಿ ಸಿಕ್ಕಿಬಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ರೈಲಿನಲ್ಲಿ ದೂರದ ನಿಂಗ್ಬೋಗೆ ಕರೆದೊಯ್ದರು. ಒಂದು ಕೋಣೆ, ದಿನದ 24 ಗಂಟೆ ಕಾವಲು. ಆತ್ಮಹತ್ಯೆ ಮಾಡಿಕೊಂಡಾನು ಅಂತ ಹಲ್ಲುಜ್ಜುವ ಬ್ರಷ್ಷಿಗೂ ದಾರ ಕಟ್ಟಿರುತ್ತಿದ್ದರಂತೆ. ವಕೀಲರಿಲ್ಲ, ಮನೆಯವರಿಗೆ ಫೋನಿಲ್ಲ. ಟಿವಿಯಲ್ಲಿ ತಪ್ಪೊಪ್ಪಿಗೆ ಹೇಳಿಸಿದರು. ಅದೂ ಬರೆದುಕೊಟ್ಟದ್ದನ್ನು ಓದಿದ್ದು ಅಂತ ಆಮೇಲೆ ಅವರೇ ಹೇಳಿದರು. 2016ರ ಜೂನ್‌ನಲ್ಲಿ, ಗ್ರಾಹಕರ ಪಟ್ಟಿ ಇರುವ ಹಾರ್ಡ್ ಡಿಸ್ಕ್ ತಂದುಕೊಡು ಅಂತ ಅವರನ್ನು ಹಾಂಗ್‌ಕಾಂಗ್‌ಗೆ ಬಿಟ್ಟರು. ವಾಪಸ್ ಹೋಗಬೇಕಿದ್ದ ದಿನ ಕೌಲೂನ್ ಟಾಂಗ್ ನಿಲ್ದಾಣದಲ್ಲಿ ಇಳಿದು ಮೂರು ಸಿಗರೇಟು ಸೇದಿದರು. ಆಮೇಲೆ ರೈಲು ಹತ್ತಲಿಲ್ಲ. ಪತ್ರಿಕಾಗೋಷ್ಠಿ ಕರೆದು ಎಲ್ಲ ಹೇಳಿಬಿಟ್ಟರು. 2019ರ ಏಪ್ರಿಲ್‌ನಲ್ಲಿ, ಮಸೂದೆ ಪಾಸಾದರೆ ಮೊದಲು ಹೋಗುವವನು ನಾನೇ ಅಂತ ತೈವಾನಿಗೆ ಹೊರಟುಹೋದರು.

ಇದನ್ನೆಲ್ಲ ಪೇಪರಿನಲ್ಲಿ ಓದಿದ ಊರಿಗೆ, ನಂಬಿ, ನಿಮಗೆ ನ್ಯಾಯವಾದ ವಿಚಾರಣೆ ಸಿಗುತ್ತೆ ಅಂತ ಹೇಳಿದರೆ ಯಾರು ನಂಬುತ್ತಾರೆ?

---

ಹೊನ್ನಾಳಿ ಹುಡುಗ:

ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮಾತು ಬಿಟ್ಟಿದ್ದೀರಿ. ಸತ್ತ ಹುಡುಗಿಯ ಅಪ್ಪ ಅಮ್ಮ ನ್ಯಾಯ ಕೊಡಿಸಿ ಅಂತ ಬೇಡಿಕೊಂಡಿದ್ದರು. ಕೊಲೆಗಾರ ಒಂದು ಊರಿಂದ ಇನ್ನೊಂದು ಊರಿಗೆ ಹಾರಿ ಬಂದರೆ ಬಚಾವು ಅನ್ನೋದಾದರೆ ಅದು ಯಾವ ನ್ಯಾಯ? ಹಾಂಗ್‌ಕಾಂಗ್ 1997ರಿಂದ ಚೀನಾದ ಭಾಗ. ತನ್ನದೇ ದೇಶದ ಕೋರ್ಟಿಗೆ ಆರೋಪಿಯನ್ನು ಕಳಿಸಲ್ಲ ಅನ್ನೋದು ವಿಚಿತ್ರ ಅಲ್ವಾ? ನಮ್ಮಲ್ಲಿ ಬಿಹಾರದ ಪೊಲೀಸರು ವಾರಂಟ್ ತಂದರೆ ಬೆಂಗಳೂರಿನ ಕೋರ್ಟು ಕಳಿಸಿಕೊಡುತ್ತೆ.

---

ತುಂಗೆಯ ದಂಡೆ:

ಆ ತಂದೆ ತಾಯಿಯ ನೋವು ನಿಜ. ಅದನ್ನು ಯಾರೂ ಸಣ್ಣದು ಮಾಡಬಾರದು. ಆದರೆ ತೈವಾನ್ ಸರ್ಕಾರವೇ ಮೇ ತಿಂಗಳಲ್ಲಿ ಹೇಳಿತು: ನಮ್ಮ ಪ್ರಜೆಗಳನ್ನೂ ಚೀನಾಕ್ಕೆ ಕಳಿಸುವ ಅಪಾಯ ಇರೋವರೆಗೆ ಈ ಮಸೂದೆಯಡಿ ಆರೋಪಿಯನ್ನು ನಾವು ಕೇಳಲ್ಲ ಅಂತ. ತೈವಾನಿಗೆ ಮಾತ್ರ ಅನ್ವಯಿಸುವ, ಅಥವಾ ಹೊರಗೆ ಮಾಡಿದ ಕೊಲೆಯನ್ನು ಹಾಂಗ್‌ಕಾಂಗ್ ಕೋರ್ಟೇ ವಿಚಾರಿಸುವ ಸಣ್ಣ ತಿದ್ದುಪಡಿ ಮಾಡಿ ಅಂತ ವಿರೋಧ ಪಕ್ಷದವರು, ವಕೀಲರು ಕೇಳಿದ್ದರು. ಸರ್ಕಾರ ಒಪ್ಪಲಿಲ್ಲ. ಕೊನೆಗೆ ಅವನ ಶಿಕ್ಷೆ ಮುಗಿದು ಹೊರಬಂದದ್ದು, ಮಸೂದೆಯನ್ನು ಶಾಸನಸಭೆಯಲ್ಲಿ ವಾಪಸ್ ತೆಗೆದುಕೊಂಡದ್ದು, ಎರಡೂ ಒಂದೇ ದಿನ, 2019ರ ಅಕ್ಟೋಬರ್ 23.

ಬಿಹಾರ, ಬೆಂಗಳೂರಿನ ಮಾತಿಗೆ ವಕೀಲರು ಯಾರಾದರೂ ಉತ್ತರ ಕೊಟ್ಟರೆ ಒಳ್ಳೆಯದು.

---

ದಾವಣಗೆರೆ ವಕೀಲ:

ನಾನು ಬರೆಯುತ್ತೇನೆ.

ಬಿಹಾರ ಮತ್ತು ಕರ್ನಾಟಕಕ್ಕೆ ಒಂದೇ ದಂಡಸಂಹಿತೆ, ಒಂದೇ ಸಾಕ್ಷ್ಯ ಕಾನೂನು, ಮೇಲೆ ಒಂದೇ ಸುಪ್ರೀಂ ಕೋರ್ಟು. ಹಾಂಗ್‌ಕಾಂಗ್ ಮತ್ತು ಚೀನಾ ಹಾಗಲ್ಲ. ಬ್ರಿಟಿಷರಿಂದ ಚೀನಾಕ್ಕೆ ಹೋಗುವಾಗ ಆದ ಒಪ್ಪಂದವೇ ಒಂದು ದೇಶ, ಎರಡು ವ್ಯವಸ್ಥೆ ಅನ್ನೋದು. ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷ್ ಮಾದರಿಯ ಕಾನೂನು, ಅಲ್ಲಿನದೇ ಅಂತಿಮ ಮೇಲ್ಮನವಿ ಕೋರ್ಟು, ಅದರಲ್ಲಿ ಹೊರದೇಶದ ನಿವೃತ್ತ ನ್ಯಾಯಮೂರ್ತಿಗಳೂ ಕೂರುತ್ತಾರೆ. ಆಚೆ ಕಡೆ ಕೋರ್ಟು ಪಕ್ಷದ ಅಧೀನ. ಇದು ವಿರೋಧಿಗಳ ಆರೋಪ ಅಂದುಕೊಳ್ಳಬೇಡಿ. 2017ರ ಜನವರಿಯಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯದ ಮುಖ್ಯಸ್ಥ ಝೋ ಚಿಯಾಂಗ್ ಅವರೇ, ನ್ಯಾಯಾಂಗ ಸ್ವಾತಂತ್ರ್ಯ ಅನ್ನೋ ಪಾಶ್ಚಾತ್ಯ ವಿಚಾರವನ್ನು ಎದುರಿಸಿ ನಿಲ್ಲಬೇಕು ಅಂತ ತಮ್ಮ ನ್ಯಾಯಾಧೀಶರಿಗೆ ಹೇಳಿದ್ದರು. ಅಲ್ಲಿ ಕ್ರಿಮಿನಲ್ ಕೇಸು ಕೋರ್ಟಿಗೆ ಬಂದರೆ ಶೇ. 99.9ಕ್ಕೂ ಹೆಚ್ಚು ಶಿಕ್ಷೆಯಲ್ಲೇ ಮುಗಿಯುತ್ತೆ. ಗೊತ್ತುಮಾಡಿದ ಜಾಗದಲ್ಲಿ ಆರು ತಿಂಗಳವರೆಗೆ ಹೊರಗಿನವರ ಸಂಪರ್ಕವಿಲ್ಲದೆ ಇಡಲು ಕಾನೂನೇ ಅವಕಾಶ ಕೊಟ್ಟಿದೆ. 2015ರ ಜುಲೈ 9ರಿಂದ ಮಾನವ ಹಕ್ಕುಗಳ ವಕೀಲರನ್ನೇ ಸಾಲು ಸಾಲಾಗಿ ಹಿಡಿದರು. ವಕೀಲನಿಗೇ ವಕೀಲ ಸಿಗದ ಕಡೆ ಕಕ್ಷಿದಾರನಿಗೆ ಏನು ಸಿಗುತ್ತೆ?

ಈಗ ಗಡೀಪಾರು ಕೇಸು ಹೇಗೆ ನಡೆಯುತ್ತೆ ನೋಡಿ. ಕಳಿಸುವ ಕಡೆಯ ಕೋರ್ಟು ಆರೋಪಿ ತಪ್ಪು ಮಾಡಿದನೋ ಇಲ್ಲವೋ ಅಂತ ತೀರ್ಮಾನ ಮಾಡಲ್ಲ. ಮೇಲ್ನೋಟಕ್ಕೆ ಕೇಸು ಇದೆಯಾ ಅಂತಷ್ಟೇ ನೋಡುತ್ತೆ. ಉಳಿದದ್ದೆಲ್ಲ ಆಚೆ ಕಡೆಯ ಕೋರ್ಟಿನ ಮೇಲಿನ ನಂಬಿಕೆ. ನಮಗೆಲ್ಲ ಗೊತ್ತಿರುವ ವಿಜಯ್ ಮಲ್ಯ ಕೇಸನ್ನೇ ತಗೊಳ್ಳಿ. ಲಂಡನ್ ಕೋರ್ಟು ಮುಂಬೈನ ಆರ್ಥರ್ ರಸ್ತೆ ಜೈಲಿನ 12ನೇ ಬ್ಯಾರಕ್‌ನ ವಿಡಿಯೊ ಕೇಳಿತು. ಬೆಳಕು ಬರುತ್ತಾ, ಗಾಳಿ ಆಡುತ್ತಾ ಅಂತ. ಆಗ ಇಲ್ಲಿ ತುಂಬಾ ಜನ ಸಿಟ್ಟಾದರು, ನಮ್ಮ ಜೈಲು ನೋಡೋಕೆ ಇವರ್‍ಯಾರು ಅಂತ. ಆದರೆ ಅದೇ ಪರೀಕ್ಷೆ. ಅದರಲ್ಲಿ ನಾವು ಪಾಸಾದೆವು, 2018ರ ಡಿಸೆಂಬರ್ 10ಕ್ಕೆ ಕಳಿಸಬಹುದು ಅಂತ ಆದೇಶ ಬಂತು. 2025ರ ಫೆಬ್ರವರಿಯಲ್ಲಿ ಶಸ್ತ್ರಾಸ್ತ್ರ ದಲ್ಲಾಳಿ ಸಂಜಯ್ ಭಂಡಾರಿ ಕೇಸಿನಲ್ಲಿ ಅದೇ ಇಂಗ್ಲೆಂಡಿನ ಹೈಕೋರ್ಟು, ತಿಹಾರ್ ಜೈಲಿನಲ್ಲಿ ಅಪಾಯ ಇದೆ ಅಂತ ಕಳಿಸಲು ಒಪ್ಪಲಿಲ್ಲ.

ಹಾಂಗ್‌ಕಾಂಗ್‌ನ ಜಡ್ಜ್ ಒಬ್ಬರು ಬೀಜಿಂಗಿಗೆ ಹಾಗೆ ನಿಮ್ಮ ಜೈಲಿನ ವಿಡಿಯೊ ಕಳಿಸಿ ಅಂತ ಕೇಳಬಲ್ಲರಾ? ಅಲ್ಲಿನ ಮುಖ್ಯಾಡಳಿತಗಾರರನ್ನು ನೇಮಿಸುವುದೇ ಬೀಜಿಂಗ್. ಸರ್ಕಾರ ಕೊಡುತ್ತೇವೆ ಅಂದ ರಕ್ಷಣೆ ನಿಂತದ್ದು ಈ ಪೊಳ್ಳು ನೆಲದ ಮೇಲೆ. ಅದಕ್ಕೇ ಜೂನ್ 6ರಂದು ಅಲ್ಲಿನ ಸುಮಾರು 3 ಸಾವಿರ ವಕೀಲರು ಕಪ್ಪು ಬಟ್ಟೆ ಹಾಕಿ, ಅಂತಿಮ ಮೇಲ್ಮನವಿ ಕೋರ್ಟಿನಿಂದ ಸರ್ಕಾರಿ ಕಚೇರಿಯವರೆಗೆ ನಡೆದರು. ಒಂದು ಘೋಷಣೆ ಇಲ್ಲ, ಮಾತಿಲ್ಲ. ನಮ್ಮ ವೃತ್ತಿಯವರು ಸುಮ್ನೆ ಬಾಯಿ ಮುಚ್ಚಿಕೊಂಡು ನಡೆಯೋದು ಎಷ್ಟು ಅಪರೂಪ ಅಂತ ನಮಗೇ ಗೊತ್ತು. ಆ ಚಿತ್ರ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

---

ಮೈಸೂರು ಮಲ್ಲಿಗೆ:

ವಕೀಲರು ಸರಿ ಸರ್, ಪುಸ್ತಕದಂಗಡಿಯವರೂ ಸರಿ. ಆದರೆ ಜೂನ್ 9ಕ್ಕೆ ಬಂದದ್ದು 10 ಲಕ್ಷ ಅಂತಾರೆ. ತರಕಾರಿ ಮಾರುವವರು, ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದವರು. ಅವರಿಗೆ ಚೀನಾದ ಕೋರ್ಟಿಂದ ಏನು ಭಯ?

---

ಕೌಲೂನ್ ಕನ್ನಡಿಗ:

ಮೇಡಂ, ಆಗ ನಾನು ಅಲ್ಲೇ ಇದ್ದೆ. ಕೆಲಸದ ವೀಸಾ, ಹಾಗಾಗಿ ಮೆರವಣಿಗೆಗೆ ಸೇರಲಿಲ್ಲ, ಆದರೆ ಜೊತೆಗೆ ಕೆಲಸ ಮಾಡುವವರೆಲ್ಲ ಹೋದರು. ನಿಮ್ಮ ಪ್ರಶ್ನೆ ಆಗ ನನಗೂ ಇತ್ತು.

ನಮ್ಮ ಆಫೀಸಿನ ಲೆಕ್ಕ ನೋಡುವ ಹೆಂಗಸು, ಐವತ್ತರ ಹತ್ತಿರ, ಮುಕ್ತ ಚುನಾವಣೆ ಕೇಳಿ 2014ರಲ್ಲಿ ನಡೆದ ಛತ್ರಿ ಚಳವಳಿಯ ಕಾಲದಲ್ಲಿ ಹುಡುಗರನ್ನು ಬೈದುಕೊಂಡು ಓಡಾಡಿದ್ದವರು. ರಸ್ತೆ ಬಂದ್ ಮಾಡಿದರು ಅಂತ. ಅವರೂ ಜೂನ್ 9ಕ್ಕೆ ಬಿಳಿ ಅಂಗಿ ಹಾಕಿಕೊಂಡು ವಿಕ್ಟೋರಿಯಾ ಪಾರ್ಕಿಗೆ ಹೋದರು. ಕೇಳಿದಾಗ ಹೇಳಿದ್ದು ಇಷ್ಟು: ಅವರ ಗಂಡನಿಗೆ ಗ್ವಾಂಗ್‌ಡಾಂಗ್ ಕಡೆ ಸಣ್ಣ ವ್ಯಾಪಾರ. ಅಲ್ಲಿ ಪಾಲುದಾರನ ಜೊತೆ ದುಡ್ಡಿನ ಜಗಳವಾದರೆ, ಅವನಿಗೆ ಊರಿನ ಅಧಿಕಾರಿ ಗೊತ್ತಿದ್ದರೆ, ಸಿವಿಲ್ ಜಗಳ ಬೆಳಗಾಗೋದರೊಳಗೆ ಕ್ರಿಮಿನಲ್ ಕೇಸಾಗುತ್ತೆ. ಇಷ್ಟು ದಿನ ಗಡಿ ದಾಟಿ ಮನೆಗೆ ಬಂದುಬಿಟ್ಟರೆ ಮುಗೀತಿತ್ತು. ಈಗ ಆ ಕೇಸು ಮನೆ ಬಾಗಿಲಿಗೂ ಬರುತ್ತೆ ಅನ್ನೋ ಭಯ. ಅವರ ಅಪ್ಪ ಐವತ್ತರ ದಶಕದಲ್ಲಿ ಚೀನಾದಿಂದ ಓಡಿಬಂದವರು. ಅಂಥ ಮನೆ ಹಾಂಗ್‌ಕಾಂಗ್‌ನಲ್ಲಿ ಒಂದೆರಡಲ್ಲ. ಆ ಕಡೆಯ ವಿಚಾರಣೆ ಹೇಗಿರುತ್ತೆ ಅನ್ನೋದು ಅವರಿಗೆ ಮನೆಯ ಹಿರಿಯರ ಬಾಯಿಂದ ಬಂದ ವಿಷಯ.

ದೊಡ್ಡ ಕುಳಗಳಿಗೂ ಇದೇ ಭಯ ಇತ್ತು. ಚೀನಾದ್ದೇ ಭಾಗವಾದ ಮಕಾವ್‌ನಲ್ಲಿ ಲಂಚದ ಕೇಸಲ್ಲಿ ಶಿಕ್ಷೆಯಾಗಿದ್ದ ಜೋಸೆಫ್ ಲಾವ್ ಅನ್ನೋ ಭಾರಿ ಶ್ರೀಮಂತ ಈ ಮಸೂದೆ ವಿರುದ್ಧ ಕೋರ್ಟಿಗೆ ಹೋಗಿದ್ದ, ಆಮೇಲೆ ಹಿಂದೆ ತಗೊಂಡ. 2017ರಲ್ಲಿ ಶಿಯಾವೊ ಜಿಯಾನ್‌ಹುವಾ ಅನ್ನೋ ಕೋಟ್ಯಧಿಪತಿಯನ್ನು ಫೋರ್ ಸೀಸನ್ಸ್ ಹೋಟೆಲಿನಿಂದಲೇ ಎತ್ತಿಕೊಂಡು ಹೋಗಿದ್ದರು. ಕಾವಲುಗಾರರನ್ನು ಇಟ್ಟುಕೊಂಡಿದ್ದ ಅಂಥವನಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಮಾಮೂಲಿ ಜನ ಮಾತಾಡಿಕೊಳ್ಳುತ್ತಿದ್ದರು.

10 ಲಕ್ಷ ಅನ್ನೋದು ಸಂಘಟಕರ ಲೆಕ್ಕ, ಪೊಲೀಸರ ಲೆಕ್ಕ 2 ಲಕ್ಷ 40 ಸಾವಿರ. ಜೂನ್ 16ಕ್ಕೆ ಸುಮಾರು 20 ಲಕ್ಷ ಅಂದರು, ಪೊಲೀಸರು 3 ಲಕ್ಷ 38 ಸಾವಿರ ಅಂದರು. ಯಾವುದನ್ನು ನಂಬಿದರೂ, ಒಟ್ಟು ಜನಸಂಖ್ಯೆಯೇ ಸುಮಾರು 75 ಲಕ್ಷ ಇರುವ ಊರಿಗೆ ಅದು ಸಣ್ಣ ಮಾತಲ್ಲ. ಜೂನ್ 16ರ ಸಂಜೆ ರಸ್ತೆ ತುಂಬ ಕಪ್ಪು ಬಟ್ಟೆಯ ಜನ, ಕಾಲಿಡಲು ಜಾಗ ಇಲ್ಲ. ಆಂಬುಲೆನ್ಸ್ ಬಂದ ಕೂಡಲೇ ಎರಡು ಕಡೆ ಸರಿದು ದಾರಿ ಬಿಟ್ಟರು. ಯಾರೂ ಕೂಗಿ ಹೇಳಬೇಕಾಗಲಿಲ್ಲ. ವಿಡಿಯೊ ಇದೆ, ನೋಡಿ.

ಇನ್ನೊಂದು ವಿಷಯ ನಮ್ಮವರಿಗೆ ಸಂಬಂಧಿಸಿದ್ದು. ಅಕ್ಟೋಬರ್‌ನಲ್ಲಿ ಮೆರವಣಿಗೆ ಸಂಘಟಕ ಜಿಮ್ಮಿ ಶಾಮ್ ಮೇಲೆ ಸುತ್ತಿಗೆಯಿಂದ ಹಲ್ಲೆಯಾಯಿತು. ಹೊಡೆದವರು ದಕ್ಷಿಣ ಏಷ್ಯಾದವರು ಅಂತ ಸುದ್ದಿ ಹಬ್ಬಿತು. ಚುಂಗ್‌ಕಿಂಗ್ ಮ್ಯಾನ್ಷನ್ಸ್‌ನಲ್ಲಿ ಭಾರತ, ಪಾಕಿಸ್ತಾನ, ಆಫ್ರಿಕಾದ ಜನ ತುಂಬಿದ್ದಾರೆ. ಅಂಗಡಿಯವರೆಲ್ಲ ಹೆದರಿದ್ದರು. ಅಕ್ಟೋಬರ್ 20ರ ಮೆರವಣಿಗೆ ಆ ಕಟ್ಟಡದ ಮುಂದೆಯೇ ಹಾದುಹೋಯಿತು. ಅಲ್ಲಿನವರು ಬಾಗಿಲಲ್ಲಿ ನಿಂತು ನೀರಿನ ಬಾಟಲಿ ಹಂಚಿದರು, ಮೆರವಣಿಗೆಯವರು ಚಪ್ಪಾಳೆ ತಟ್ಟಿದರು. ಅದೇ ದಿನ ಹತ್ತಿರದ ಮಸೀದಿಯ ಬಾಗಿಲಿಗೆ ನೀಲಿ ಬಣ್ಣದ ನೀರು ಹಾರಿಸಿದ್ದು ಪೊಲೀಸರ ಜಲಫಿರಂಗಿ. ಮರುದಿನ ಕ್ಯಾರಿ ಲ್ಯಾಮ್ ಮಸೀದಿಗೆ ಹೋಗಿ ಕ್ಷಮೆ ಕೇಳಿದರು.

---

ಹೊನ್ನಾಳಿ ಹುಡುಗ:

ಮಸೂದೆಯನ್ನು ಜೂನ್ 15ಕ್ಕೇ ತಡೆಹಿಡಿದರಲ್ಲ? ಸೆಪ್ಟೆಂಬರ್ 4ಕ್ಕೆ ವಾಪಸ್ ತಗೋತೀವಿ ಅಂದರು. ಮತ್ತೆ ನವೆಂಬರ್‌ವರೆಗೂ ಬೆಂಕಿ ಯಾಕೆ? ವಾದ ಮಾಡಿದ ಒಬ್ಬ ವ್ಯಕ್ತಿಗೆ ಬೆಂಕಿ ಹಚ್ಚಿದರು. ಎಪ್ಪತ್ತು ವರ್ಷದ ಸಫಾಯಿ ಕೆಲಸಗಾರ ಇಟ್ಟಿಗೆ ಏಟಿಗೆ ಸತ್ತರು. ಕೋರ್ಟಿನ ಮೇಲೆ ನಂಬಿಕೆ ಇಲ್ಲ ಅನ್ನೋದು ಇದಕ್ಕೆಲ್ಲ ಸಮಾಧಾನ ಆಗುತ್ತಾ?

---

ತುಂಗೆಯ ದಂಡೆ:

ಇಲ್ಲ, ಆಗಲ್ಲ. ಆ ಎರಡು ಘಟನೆಗಳನ್ನು ಸಮರ್ಥಿಸುವ ಮಾತು ನನ್ನಲ್ಲಿಲ್ಲ. ಆ ಮುದುಕ ಯಾರ ಪರವೂ ಇರಲಿಲ್ಲ, ತನ್ನ ಪಾಡಿಗೆ ಇದ್ದವರು.

ಆದರೆ "ಮತ್ತೆ ಯಾಕೆ ನಿಲ್ಲಲಿಲ್ಲ" ಅನ್ನೋ ಪ್ರಶ್ನೆಯಲ್ಲೇ ನನಗೆ ಮುಖ್ಯ ಅನ್ನಿಸುವ ವಿಷಯ ಇದೆ. ಶುರುವಿನಲ್ಲಿ ಅಪನಂಬಿಕೆ ಇದ್ದದ್ದು ಆಚೆ ಕಡೆಯ ವ್ಯವಸ್ಥೆಯ ಮೇಲೆ ಮಾತ್ರ. ತಮ್ಮ ಕೋರ್ಟು, ತಮ್ಮ ಪೊಲೀಸರ ಮೇಲೆ ಹಾಂಗ್‌ಕಾಂಗ್ ಜನಕ್ಕೆ ಒಳ್ಳೆಯ ಅಭಿಪ್ರಾಯವೇ ಇತ್ತು. ಅದನ್ನು ಉಳಿಸಿಕೊಳ್ಳೋಕೆ ಬೀದಿಗೆ ಬಂದರು. ಜೂನ್ 12ರಂದು ಶಾಸನಸಭೆಯ ಸುತ್ತ ಪೊಲೀಸರು ಸುಮಾರು 150 ಅಶ್ರುವಾಯು ಶೆಲ್ ಹಾರಿಸಿದರು, ರಬ್ಬರ್ ಗುಂಡು ಹೊಡೆದರು, ಅದನ್ನು ದಂಗೆ ಅಂತ ಕರೆದರು. ಅಲ್ಲಿನ ಕಾನೂನಿನಲ್ಲಿ ದಂಗೆಗೆ 10 ವರ್ಷದವರೆಗೆ ಜೈಲು. ಜುಲೈ 21ಕ್ಕೆ ಯುಯೆನ್ ಲಾಂಗ್ ನಿಲ್ದಾಣದಲ್ಲಿ ಚಳವಳಿಯನ್ನು ವಿರೋಧಿಸುವ ಬಿಳಿ ಅಂಗಿಯ ಗುಂಪು ಕೋಲು ಹಿಡಿದು ರೈಲಿನೊಳಗೆ ನುಗ್ಗಿ ಪ್ರಯಾಣಿಕರನ್ನು ಹೊಡೆಯಿತು. ಪೊಲೀಸರು ತಡವಾಗಿ ಬಂದರು. ಜನ ಫೋನ್ ಮೇಲೆ ಫೋನ್ ಮಾಡಿದ್ದರು.

ಚೈನೀಸ್ ವಿಶ್ವವಿದ್ಯಾಲಯದ ಸಮೀಕ್ಷೆಯಲ್ಲಿ ಪೊಲೀಸರ ಮೇಲಿನ ನಂಬಿಕೆಗೆ ಸೊನ್ನೆ ಅಂಕ ಕೊಟ್ಟವರು ಚಳವಳಿಗೆ ಮೊದಲು ಶೇ. 6.5 ಇದ್ದರು. ಅಕ್ಟೋಬರ್ ಹೊತ್ತಿಗೆ ಶೇ. 51.5. ನಾಲ್ಕೈದು ತಿಂಗಳಲ್ಲಿ! ಚಳವಳಿಗಾರರ ಐದು ಬೇಡಿಕೆಗಳಲ್ಲಿ ಪೊಲೀಸರ ಮೇಲೆ ಸ್ವತಂತ್ರ ತನಿಖೆ ಅನ್ನೋದು ಅಷ್ಟು ಗಟ್ಟಿಯಾಗಿ ಉಳಿದದ್ದು ಇದಕ್ಕೇ. ಸರ್ಕಾರ ಒಪ್ಪಲಿಲ್ಲ, ಪೊಲೀಸ್ ದೂರು ಮಂಡಳಿ ಇದೆಯಲ್ಲ ಅಂದಿತು. ಆ ಮಂಡಳಿಗೆ ನೆರವಾಗಲು ಕರೆಸಿದ ವಿದೇಶಿ ತಜ್ಞರೇ, ಅದಕ್ಕೆ ಬೇಕಾದ ಅಧಿಕಾರ ಇಲ್ಲ ಅಂತ ಹೇಳಿ ಡಿಸೆಂಬರ್‌ನಲ್ಲಿ ಹೊರನಡೆದರು. ಜೂನ್ ಕೊನೆಯಲ್ಲೇ ಒಬ್ಬ ನಿವೃತ್ತ ಜಡ್ಜ್ ನೇತೃತ್ವದಲ್ಲಿ ತನಿಖೆ ಘೋಷಿಸಿದ್ದರೆ ಆ ವರ್ಷ ಬೇರೆ ಥರ ಇರುತ್ತಿತ್ತು ಅನ್ನೋದು ನನ್ನ ಬಲವಾದ ನಂಬಿಕೆ.

ಹಾಗಂತ ಬೆಂಕಿಯನ್ನು ಮಾತ್ರ ನೋಡಬೇಡಿ. ನವೆಂಬರ್ 24ರ ಜಿಲ್ಲಾ ಚುನಾವಣೆಗೆ ಶೇ. 71 ಮತದಾನ ಆಯಿತು. 18 ಜಿಲ್ಲಾ ಮಂಡಳಿಗಳಲ್ಲಿ 17 ಪ್ರಜಾಪ್ರಭುತ್ವದ ಪರ ಇದ್ದವರಿಗೆ ಹೋದವು. ಸಾಲಿನಲ್ಲಿ ನಿಂತು ವೋಟು ಹಾಕಿದವರು ಹಿಂಸೆ ನೋಡಿ ಕಣ್ಣು ಮುಚ್ಚಿಕೊಂಡವರಲ್ಲ. ನೋಡಿಯೂ ಯಾರದ್ದು ಹೆಚ್ಚು ತಪ್ಪು ಅಂತ ತೀರ್ಮಾನ ಮಾಡಿದವರು.

---

ಮೈಸೂರು ಮಲ್ಲಿಗೆ:

ಓದುತ್ತಾ ನಮ್ಮದೇ ನೆನಪಾಯಿತು. "ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ" ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಮ್ಮ ಮನೆಯಲ್ಲೂ ಒಂದು ಗಡಿಕಲ್ಲಿನ ದಾವೆ ಎರಡು ತಲೆಮಾರು ನಡೆದಿದೆ. ನಮಗೂ ಕೋರ್ಟಿನ ಮೇಲೆ ಅಂಥ ನಂಬಿಕೆ ಏನಿಲ್ಲ. ಆದರೂ ನಾವು ಕೋರ್ಟಿನ ವಿರುದ್ಧ ಬೀದಿಗೆ ಬರಲ್ಲ. ವ್ಯತ್ಯಾಸ ಏನು?

---

ದಾವಣಗೆರೆ ವಕೀಲ:

ಮೇಡಂ, ನಿಮ್ಮ ದೂರು ತಡದ ಬಗ್ಗೆ. ಅದು ನ್ಯಾಯವಾದ ದೂರು. ದೇಶದಲ್ಲಿ 5 ಕೋಟಿಗೂ ಹೆಚ್ಚು ಕೇಸು ಬಾಕಿ ಇವೆ. ಕಪ್ಪು ಕೋಟು ಹಾಕಿಕೊಂಡು ಕಕ್ಷಿದಾರನಿಗೆ ಮುಂದಿನ ತಾರೀಕು ಹೇಳುವಾಗ ನನಗೂ ಸಂಕಟ ಆಗುತ್ತೆ. ಆದರೆ ಸರ್ಕಾರದ ವಿರುದ್ಧ ನೀವು ಹಾಕಿದ ಕೇಸು ಗೆಲ್ಲಬಹುದು ಅನ್ನೋ ಆಸೆ ಇಲ್ಲಿ ಉಳಿದಿದೆ. ದಿನಾ ಅಂಥ ಆದೇಶಗಳು ಬರುತ್ತಿವೆ ಕೂಡ.

ನಾವೂ ಬೀದಿಗೆ ಬಂದಿದ್ದೇವೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯ ಅತ್ಯಾಚಾರದ ನಂತರ ಊರೂರಲ್ಲಿ ಜನ ಸೇರಿದರಲ್ಲ, ಅದೂ ಕಾನೂನು ವ್ಯವಸ್ಥೆಯ ಮೇಲಿನ ಸಿಟ್ಟೇ. ಆದರೆ ಕೇಳಿದ್ದು ಏನು? ಬೇಗ ವಿಚಾರಣೆ ಮಾಡಿ, ಕಾನೂನು ಗಟ್ಟಿ ಮಾಡಿ ಅಂತ. ನ್ಯಾಯಮೂರ್ತಿ ವರ್ಮಾ ಸಮಿತಿ ಒಂದು ತಿಂಗಳೊಳಗೆ ವರದಿ ಕೊಟ್ಟಿತು, 2013ರಲ್ಲೇ ಕಾನೂನು ಬದಲಾಯಿತು. ಕೇಸು ಮಾತ್ರ ಮುಗಿಯಲು 2020ರ ಮಾರ್ಚ್ ಬೇಕಾಯಿತು. ಕೋರ್ಟು ತನ್ನ ಕೆಲಸ ಮಾಡಲಿ ಅನ್ನೋ ಸಿಟ್ಟು ಬೇರೆ. ಆ ಕೋರ್ಟಿನ ಕೈಗೆ ನಮ್ಮನ್ನು ಕೊಡಬೇಡಿ ಅನ್ನೋ ಭಯ ಬೇರೆ. ಎರಡನೆಯದಕ್ಕೆ ಸಮಿತಿ, ವರದಿ ಯಾವುದೂ ಸಾಲಲ್ಲ.

---

ಕೌಲೂನ್ ಕನ್ನಡಿಗ:

2020ರ ಜೂನ್ 30ರ ರಾತ್ರಿಯ ಬಗ್ಗೆ ಯಾರೂ ಬರೆಯಲಿಲ್ಲ. ಬೀಜಿಂಗ್ ಮಾಡಿದ ರಾಷ್ಟ್ರೀಯ ಭದ್ರತಾ ಕಾನೂನು ರಾತ್ರಿ 11 ಗಂಟೆಗೆ ಜಾರಿಗೆ ಬಂತು. ಅಲ್ಲಿಯವರೆಗೆ ಹಾಂಗ್‌ಕಾಂಗ್ ಜನರಿಗೆ ಅದರ ಪೂರ್ತಿ ಪಠ್ಯ ತೋರಿಸಿಯೇ ಇರಲಿಲ್ಲ. ಮರುದಿನ ಆಫೀಸಿನಲ್ಲಿ ಎಲ್ಲರೂ ಫೋನಿನಿಂದ ಹಳೆಯ ಫೋಟೊ, ಮೆಸೇಜು ಅಳಿಸುತ್ತಾ ಕೂತಿದ್ದರು. ಚಳವಳಿಗೆ ಬೆಂಬಲ ಬರೆದು ಅಂಗಡಿಗಳ ಗೋಡೆ ಮೇಲೆ ಅಂಟಿಸಿದ್ದ ಬಣ್ಣದ ಚೀಟಿಗಳನ್ನು ಅಂಗಡಿಯವರೇ ಕಿತ್ತರು. ಕೆಲವರು ಏನೂ ಬರೆಯದ ಖಾಲಿ ಚೀಟಿ ಅಂಟಿಸಿದರು.

---

ತುಂಗೆಯ ದಂಡೆ:

ಹೌದು. ಅದರ 55ನೇ ಕಲಮು ಓದಿದರೆ ಗೊತ್ತಾಗುತ್ತೆ, ಕೆಲವು ಕೇಸುಗಳನ್ನು ನೇರವಾಗಿ ಚೀನಾದ ಮುಖ್ಯಭೂಮಿಯಲ್ಲೇ ವಿಚಾರಣೆ ಮಾಡಬಹುದು. ಮಸೂದೆ ಹೋಯಿತು ಅಂದುಕೊಂಡ ಜನಕ್ಕೆ ಅದಕ್ಕಿಂತ ದೊಡ್ಡದು ಬಂತು. ಭದ್ರತಾ ಕೇಸು ನಡೆಸುವ ಜಡ್ಜ್‌ಗಳ ಪಟ್ಟಿ ಮಾಡುವುದು ಮುಖ್ಯಾಡಳಿತಗಾರರು. ಜಾಮೀನು ಸಿಗುವುದೇ ಕಷ್ಟ. 47 ಜನ ರಾಜಕಾರಣಿಗಳು, ಹೋರಾಟಗಾರರ ಮೇಲಿನ ಕೇಸನ್ನು ಜ್ಯೂರಿ ಇಲ್ಲದೆ ನಡೆಸಿದರು. 2024ರ ನವೆಂಬರ್‌ನಲ್ಲಿ 45 ಜನಕ್ಕೆ 4ರಿಂದ 10 ವರ್ಷ ಶಿಕ್ಷೆಯಾಯಿತು, ಇಬ್ಬರು ಮಾತ್ರ ಬಿಡುಗಡೆ. ಅವರ ಮುಖ್ಯ ತಪ್ಪು ಏನು ಗೊತ್ತಾ? ಶಾಸನಸಭೆಯಲ್ಲಿ ಬಹುಮತ ಗೆಲ್ಲಲು ತಮ್ಮೊಳಗೇ ಒಂದು ಅನಧಿಕೃತ ಚುನಾವಣೆ ನಡೆಸಿ ಅಭ್ಯರ್ಥಿಗಳನ್ನು ಆರಿಸಿದ್ದು. ಗೆದ್ದರೆ ಬಜೆಟ್ ತಿರಸ್ಕರಿಸಿ ಸರ್ಕಾರವನ್ನು ಮಣಿಸುವ ಯೋಜನೆ ಇತ್ತು, ಅದನ್ನೇ ರಾಜ್ಯಾಧಿಕಾರ ಬುಡಮೇಲು ಮಾಡುವ ಸಂಚು ಅಂದರು.

2022ರಲ್ಲಿ ಬ್ರಿಟನ್ನಿನ ಜಡ್ಜ್‌ಗಳಾದ ರೀಡ್ ಮತ್ತು ಹಾಡ್ಜ್ ಹಾಂಗ್‌ಕಾಂಗ್‌ನ ಅಂತಿಮ ಮೇಲ್ಮನವಿ ಕೋರ್ಟಿನಿಂದ ಹೊರಬಂದಿದ್ದರು. 2024ರ ಜೂನ್‌ನಲ್ಲಿ ಸಂಪ್ಷನ್ ಮತ್ತು ಕಾಲಿನ್ಸ್ ಬಿಟ್ಟರು. ಸಂಪ್ಷನ್ ಅವರು ಅಲ್ಲಿ ಕಾನೂನಿನ ಆಡಳಿತಕ್ಕೇ ದೊಡ್ಡ ಪೆಟ್ಟು ಬಿದ್ದಿದೆ ಅಂತ ಪತ್ರಿಕೆಯಲ್ಲಿ ಬರೆದರು. ಉಳಿದುಕೊಂಡ ವಿದೇಶಿ ಜಡ್ಜ್‌ಗಳೂ ಇದ್ದಾರೆ, ಇದ್ದೇ ಏನಾದರೂ ಒಳ್ಳೆಯದು ಮಾಡಬಹುದು ಅನ್ನೋದು ಅವರ ವಾದ. ಆ ವಾದವನ್ನು ತಳ್ಳಿಹಾಕುವಷ್ಟು ಧೈರ್ಯ ನನಗಿಲ್ಲ.

ವಕೀಲರು ಹೇಳಿದ ನಂಬಿಕೆಯ ಲೆಕ್ಕ ಈಗ ಹೊರಗಿನಿಂದಲೂ ಶುರುವಾಗಿದೆ. 2020ರ ಜುಲೈನಲ್ಲಿ ಮೊದಲು ಕೆನಡಾ, ಆಮೇಲೆ ಆಸ್ಟ್ರೇಲಿಯಾ, ಬ್ರಿಟನ್, ನ್ಯೂಜಿಲೆಂಡ್ ಹಾಂಗ್‌ಕಾಂಗ್ ಜೊತೆಗಿನ ಗಡೀಪಾರು ಒಪ್ಪಂದವನ್ನು ತಡೆಹಿಡಿದವು, ಆಗಸ್ಟ್‌ನಲ್ಲಿ ಅಮೆರಿಕ ರದ್ದು ಮಾಡಿತು. ನಿಮ್ಮಲ್ಲಿಗೆ ಕಳಿಸಿದ ಮನುಷ್ಯ ಎಲ್ಲಿಗೆ ಹೋಗಿ ಸೇರುತ್ತಾನೋ ಗೊತ್ತಿಲ್ಲ ಅನ್ನೋದು ಅವರ ಕಾರಣ. ಭಾರತಕ್ಕೂ ಹಾಂಗ್‌ಕಾಂಗ್ ಜೊತೆ ಒಪ್ಪಂದ ಇದೆ, 1997ರ ಜೂನ್ ಕೊನೆಯಲ್ಲಿ, ಬ್ರಿಟಿಷರು ಹೊರಡುವ ಮೊದಲು ಸಹಿ ಹಾಕಿದ್ದು. ವಕೀಲರೇ, ನಮ್ಮ ಕೋರ್ಟಿನ ಮುಂದೆ ಹಾಂಗ್‌ಕಾಂಗ್‌ನ ಒಂದು ಕೋರಿಕೆ ಬಂದರೆ 12ನೇ ಬ್ಯಾರಕ್‌ನ ಥರದ ಪ್ರಶ್ನೆಗಳನ್ನು ನಮ್ಮ ಮ್ಯಾಜಿಸ್ಟ್ರೇಟ್ ಕೇಳಬಹುದಾ? ನಮ್ಮ 1962ರ ಗಡೀಪಾರು ಕಾಯ್ದೆಯಲ್ಲಿ ಅದಕ್ಕೆ ಎಷ್ಟು ಜಾಗ ಇದೆ ಅಂತ ಬಿಡುವಾದಾಗ ಬರೆಯಿರಿ.